ಅಲಮೇಲುವಿನ ಪೆನ್ಸಿಲ್ ಗುರುತು

1998ರ ಶ್ರಾವಣದಲ್ಲಿ ಬನಶಂಕರಿಯ ಒಂದು ಗ್ಯಾಸ್ ಏಜೆನ್ಸಿಗೆ ಕಂಪ್ಯೂಟರ್ ಬಂತು. ಬಂದದ್ದೇ ತಡ, ಮಾಲೀಕ ಶ್ರೀಕರ್ ಅದಕ್ಕೊಂದು ಗಾಜಿನ ರೂಮು ಮಾಡಿಸಿ, ಎ.ಸಿ. ಹಾಕಿಸಿ, ‘ಚಪ್ಪಲಿ ಹೊರಗೆ ಬಿಡಿ’ ಅಂತ ಬೋರ್ಡು ತಗುಲಿಹಾಕಿದ. ಹದಿನೇಳು ವರ್ಷದಿಂದ ಸಿಲಿಂಡರ್ ಬುಕಿಂಗ್ ಬರೆಯುತ್ತಿದ್ದ ಅಲಮೇಲುವಿನ ತಲೆಯ ಮೇಲಿನ ಫ್ಯಾನು ಮಾತ್ರ ಎಂದಿನಂತೆ ಕಿರಗುಟ್ಟುತ್ತಿತ್ತು.

“ಯಾಕೆ ತಂದ್ರು, ಏನು ಕಥೆ, ನಮಗೊಂದು ಮಾತು ಹೇಳ್ಬಾರ್ದಾ?” ಎಂದು ಅವಳು ಸಿಲಿಂಡರ್ ಸಾಗಿಸುವ ಕರೆಪ್ಪನನ್ನು ಕೇಳಿದಳು.

“ಮನೆಗೆ ಕಳಿಸೋರ ಲಿಸ್ಟ್ ರೆಡಿ ಆಗಿರತ್ತೆ ಬಿಡಿ ಮೇಡಂ. ಮಡಿವಾಳದಲ್ಲಿ ನನ್ನ ಭಾಮೈದನ ಆಫೀಸಲ್ಲೂ ಹಿಂಗೇ ಆಯ್ತು. ಮೊದ್ಲು ಕಂಪ್ಯೂಟರ್, ಆಮೇಲೆ ಹಾರ ಹಾಕಿ ಟಾಟಾ.”

ಆ ಮಾತು ಅಲಮೇಲುವಿನ ಎದೆಯಲ್ಲಿ ಕೂತುಬಿಟ್ಟಿತು. ಶ್ರೀಕರ್ ನಕ್ಕರೆ, ‘ಯಾಕೆ ನಗ್ತಿದಾನೆ?’ ನಗದಿದ್ದರೆ, ‘ಹಾಗಾದ್ರೆ ಲಿಸ್ಟಲ್ಲಿ ನನ್ನ ಹೆಸರಿದೆ.’ ತಿಂದ ಅನ್ನ ಮೈಗೆ ಹತ್ತಲಿಲ್ಲ.

ಗ್ರಾಹಕರ ವಿಳಾಸದ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸಲು ಬಂದವಳು ಶ್ವೇತಾ. ಬಾಗಲಕೋಟೆಯ ಹುಡುಗಿ, ಬಿ.ಟಿ.ಎಂ.ನಲ್ಲಿ ಬಾಡಿಗೆ ಮನೆ.

“ಮೇಡಂ, ಈ ಕಾರ್ಡಿನ ಮ್ಯಾಲೆ ಪೆನ್ಸಿಲ್ ಗುರುತು ಅದಾವಲ್ರಿ, ಏನಿವು?”

“ಏನೋಮ್ಮ. ಯಾವಾಗ್ಲೋ ಗೀಚಿದ್ದು.”

ಶುದ್ಧ ಸುಳ್ಳು. ಸೊನ್ನೆ ಇದ್ದರೆ ಮನೆ ಬದಲಾಗಿದೆ, ಹೊಸ ವಿಳಾಸ ಅಲಮೇಲುವಿನ ಡೈರಿಯಲ್ಲಿದೆ. ಎರಡು ಗೆರೆ ಇದ್ದರೆ ಪಕ್ಕದ ಮನೆಯಲ್ಲಿ ಸಿಲಿಂಡರ್ ಕೊಟ್ಟು ಬರಬೇಕು. ಇಡೀ ಏಜೆನ್ಸಿ ನಡೆಯುತ್ತಿದ್ದದ್ದೇ ಆ ಗೀಚಿನ ಮೇಲೆ. ಅದನ್ನೂ ಒಪ್ಪಿಸಿಬಿಟ್ಟರೆ ತನ್ನ ಕುರ್ಚಿ ಇವರಿಗ್ಯಾಕೆ ಬೇಕು ಎಂಬುದೇ ಅವಳ ಭಯ.

ಸೋಮವಾರ ಕಂಪ್ಯೂಟರಿನಿಂದ ಮೊದಲ ಡೆಲಿವರಿ ಚೀಟಿಗಳು ಬಂದವು. ಒಂದರಲ್ಲಿ ಅಮ್ಮಣ್ಣಿ, ತಿಲಕ್ ನಗರ ಎಂದಿತ್ತು. ಅಮ್ಮಣ್ಣಿ ಆರು ತಿಂಗಳ ಹಿಂದೆಯೇ ಸಾರಕ್ಕಿಗೆ ಮನೆ ಬದಲಿಸಿದ್ದಳು. ಅಲಮೇಲು ಚೀಟಿ ನೋಡಿದಳು, ಬಾಯಿ ತೆರೆದಳು, ಮತ್ತೆ ಮುಚ್ಚಿಕೊಂಡಳು. ಹೋಗಲಿ, ಆ ಡಬ್ಬದ ಮಾನವೂ ಸ್ವಲ್ಪ ಹೋಗಲಿ. ಸಾರಕ್ಕಿ ಕಡೆಯ ಡೆಲಿವರಿ ತನ್ನದಲ್ಲದ ಕರೆಪ್ಪ ಚೀಟಿಯಲ್ಲಿದ್ದಂತೆ ತಿಲಕ್ ನಗರಕ್ಕೆ ಹೋಗಿ, ಬೀಗ ನೋಡಿಕೊಂಡು, ಸಿಲಿಂಡರ್ ವಾಪಸ್ಸು ತಂದ. ಮರುದಿನವೂ ಅದೇ ಆಯಿತು.

ಬುಧವಾರ ಅಮ್ಮಣ್ಣಿಯೇ ಬೆವರು ಒರೆಸಿಕೊಳ್ಳುತ್ತ ಬಂದಳು.

“ಮನೇಲಿ ಬಾಣಂತಿ ಸೊಸೆ ಕಣೇ ಅಲಮೇಲು. ಮೂರು ದಿನದಿಂದ ಸೀಮೆಎಣ್ಣೆ ಸ್ಟವ್ ಹಚ್ತಿದೀನಿ. ಆ ಹೊಗೆಗೆ ಹಸುಗೂಸು ಕೆಮ್ಮಿ ಕೆಮ್ಮಿ ಒದ್ದಾಡ್ತಿದೆ. ಹೊಸ ವಿಳಾಸ ನಿನ್ನ ಕೈಲೇ ಬರೆಸಿದ್ನಲ್ಲ?”

ಅಲಮೇಲುವಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಾಜಿನ ರೂಮಿನಿಂದ ಶ್ರೀಕರ್ ಹೊರಗೆ ಬಂದ. ಸಿಲಿಂಡರ್ ಎರಡು ಸಲ ವಾಪಸ್ಸು ಬಂದಾಗಿನಿಂದ ಅವನಿಗೂ ಇವಳ ಮೇಲೇ ಅನುಮಾನ.

“ಬೇಕಂತಲೇ ಮಾಡಿದ್ರಾ ಮೇಡಂ?”

“ಹೌದು ಸಾರ್. ಗೊತ್ತಿದ್ದೂ ಸುಮ್ನಿದ್ದೆ. ತಪ್ಪು ನಂದೇ. ಆದ್ರೆ ನನ್ನ ಕೆಲಸ ಇರತ್ತೋ ಹೋಗತ್ತೋ ಅಂತ ನೀವೂ ಬಾಯಿ ಬಿಡ್ಲಿಲ್ಲ.”

“ಯಾರನ್ನೂ ತೆಗೆಯೋ ಯೋಚನೆ ನಂಗಿಲ್ಲ. ಹೇಳ್ಬೇಕು ಅಂತ ಹೊಳೀಲೇ ಇಲ್ಲ.”

“ಬಾಯ್ಮಾತು ಬೇಡ ಸಾರ್. ಬರೆದುಕೊಡಿ.”

ಶ್ವೇತಾ ನಡುವೆ ಬಂದಳು. “ಸರ್, ಈ ಮಷಿನ್‌ಗೆ ನಾವು ಹೇಳಿದ್ದಷ್ಟ ಗೊತ್ತಾಗೂದು. ಸಾರಕ್ಕಿ ಓಣಿ ಗೊತ್ತಿರೂದು ಇವರಿಗೆ. ಇವರನ್ನ ಜೋಡಿ ಕುಂದ್ರಿಸಿಕೊಳ್ದ ನಾವು ಕಾರ್ಡ್ ಏರಿಸಿದ್ದ ತಪ್ಪಾತ್ರಿ. ದಿನಾ ಒಂದು ತಾಸು, ಕೆಲಸದ ಹೊತ್ತಿನ್ಯಾಗ, ನಾ ಇವರಿಗೆ ಕಲಿಸ್ತೀನಿ. ಪೆನ್ಸಿಲ್ ಗುರುತಿಗೂ ಅದರಾಗ ಜಾಗಾ ಮಾಡ್ತೀನಿ.”

ಶ್ರೀಕರ್ ಏಜೆನ್ಸಿಯ ಕಾಗದದ ಮೇಲೆ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ ಎಂದು ಬರೆದು, ಸಹಿ ಹಾಕಿ, ಸೀಲು ಒತ್ತಿ ಕೊಟ್ಟ. ಅಲಮೇಲು ಎರಡು ಸಲ ಓದಿದಳು. ಆಮೇಲೆ ಡೈರಿ ತೆಗೆದಳು. ಅವತ್ತು ಹೊರಟ ಮೊದಲ ಸಿಲಿಂಡರ್ ಸಾರಕ್ಕಿಗೆ ಹೋಯಿತು.

ಮೌಸು ಹಿಡಿಯಲು ಅಲಮೇಲುವಿಗೆ ವಾರ ಹಿಡಿಯಿತು. ದೀಪಾವಳಿಯ ಹೊತ್ತಿಗೆ ಫುಟ್‌ಪಾತಿನವರೆಗೆ ನಿಲ್ಲುತ್ತಿದ್ದ ಕ್ಯೂ ಕರಗಿತ್ತು. ದಪ್ಪ ರಿಜಿಸ್ಟರ್ ಎತ್ತಿ ಎತ್ತಿ ಹಿಡಿದಿದ್ದ ಭುಜದ ನೋವು ಬಿಟ್ಟಿತ್ತು. ಹೊಸಬರು ಬಂದರೆ ಅವಳೇ ಕಲಿಸುತ್ತಿದ್ದಳು. ಕರೆಪ್ಪನೂ ಈಗ ಚೀಟಿಯನ್ನು ನಂಬಿ ಹೊರಡುತ್ತಿದ್ದ. ಸೀಲು ಒತ್ತಿದ ಕಾಗದ ಮಾತ್ರ ಇನ್ನೂ ಅಲಮೇಲುವಿನ ಬ್ಯಾಗಿನಲ್ಲೇ ಇದೆ. ಇರಲಿ ಬಿಡಿ, ಅದೇನು ಅನ್ನ ಕೇಳುತ್ತದೆಯೇ?

ಮಾಲೀಕರೇ, ಆಫೀಸಿಗೆ ಹೊಸ ಯಂತ್ರ ತರುವ ಮುಂಚೆ ಆ ಕೆಲಸ ಮಾಡುವವರ ಪಕ್ಕ ಒಂದು ದಿನ ಕೂತು ನೋಡಿ. ಯಾಕೆ ತರುತ್ತಿದ್ದೀರಿ, ಯಾರ ಕೆಲಸ ಏನಾಗುತ್ತದೆ ಎಂದು ನೀವಾಗಿಯೇ ಹೇಳಿ. ಕೆಲಸಗಾರ ಬಂಧುಗಳೇ, ಅನುಮಾನ ಬಂದರೆ ತಪ್ಪೇನಿಲ್ಲ. ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗಬೇಡಿ, ನಾಳೆ ಬೆಳಿಗ್ಗೆಯೇ ಎದುರು ನಿಂತು ಕೇಳಿ. ನೀವು ಬಾಯಿ ಮುಚ್ಚಿಕೊಂಡರೆ ಕಂಪ್ಯೂಟರಿಗೆ ಏನೂ ಆಗುವುದಿಲ್ಲ. ಎಲ್ಲೋ ಒಂದು ಮನೆಯಲ್ಲಿ ಕೂಸು ಕೆಮ್ಮುತ್ತದೆ.