ಈ ವರ್ಷದ ವಿಷಯ

ಗಲ್ಲಿಯ ತುದಿಯಲ್ಲಿ ವ್ಯಾನು ನಿಂತಾಗ ಬೀದಿನಾಟಕದ ತಂಡ ನಡೆಸುವ ಅಕ್ಕನಿಗೆ ಇಳಿಯಲೂ ಮನಸ್ಸಿರಲಿಲ್ಲ. ಬೆಳಗಿನಿಂದ ಕೂಗಿ ಕೂಗಿ ಗಂಟಲು ಕಟ್ಟಿತ್ತು. ತಂಡದವರು ಪರದೆ ಕಟ್ಟಿದರು. ಅದರ ತುಂಬ ಹಣ ಕೊಡುವ ಸಂಸ್ಥೆಯ ಹೆಸರೇ.

ಅಷ್ಟರಲ್ಲಿ ಇಸ್ತ್ರಿ ಅಂಗಡಿಯ ಹೆಂಗಸು ಓಡಿಬಂದಳು. "ಅಕ್ಕಾ, ಹೋದ್ಸಲ ಆಡಿದ್ರಲ್ಲ, ಹೆಂಡ್ತಿಗೆ ಹೊಡೆಯೋನ ನಾಟಕ, ಅದೇ ತಾನೆ? ನಮ್ಮನೆಯವರನ್ನ ಹೇಗೋ ಪುಸಲಾಯಿಸಿ ಕರ್ಕೊಂಡು ಬಂದಿದೀನಿ. ಮುಂದೇನೇ ಕೂತಿದಾರೆ."

"ಇವತ್ತು ಕೈ ತೊಳೆಯೋ ನಾಟಕಮ್ಮ."

ಹೆಂಗಸು ಮೇಲೆ ಸರಿದಿದ್ದ ತೋಳಿನ ಬಟ್ಟೆಯನ್ನು ಕೆಳಗೆಳೆದುಕೊಂಡಳು. ಅಷ್ಟರೊಳಗೆ ಅಕ್ಕ ಬಾಸುಂಡೆ ನೋಡಿಯಾಗಿತ್ತು.

ಹೋದ ಸಲದ ನಾಟಕವನ್ನೇ ಆಡಬಹುದೇ ಎಂದು ಅಕ್ಕ ಸಂಸ್ಥೆಯ ಅಧಿಕಾರಿಯನ್ನು ಕೇಳಿದಳು. "ಆ ವಿಷಯ ಹೋದ ವರ್ಷಕ್ಕೇ ಮುಗೀತಲ್ಲ ಮೇಡಂ," ಎಂದ ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ನಂಗೂ ಮೇಲಿನವರಿದಾರೆ. ಬೇರೇನಾದ್ರೂ ಆಡಿದ್ರೆ, ಮುಂದಿನ ಸಲ ನಿಮ್ಮ ತಂಡದ ಪರವಾಗಿ ಮಾತಾಡೋಕೆ ನಂಗೆ ಬಾಯಿರಲ್ಲ."

ಕೈ ತೊಳೆಯುವ ನಾಟಕ ಮುಗಿಯಿತು. ಜನ ನಕ್ಕರು, ಅಧಿಕಾರಿ ಫೋಟೋ ತೆಗೆದುಕೊಂಡ. ಮೈಕು, ಲೈಟು, ಪರದೆ ಎಲ್ಲ ವ್ಯಾನು ಸೇರಿದವು. ಹೋದ ಸಲ ಗಂಡನ ಪಾತ್ರ ಮಾಡಿದ್ದ ಪೇಂಟರ್ ಅಂಗಿ ಬದಲಿಸುತ್ತಿದ್ದ.

"ಆ ನಾಟಕ ಆಡೋಣ್ವಾ?" ಎಂದಳು ಅಕ್ಕ.

"ಪುಕ್ಕಟೆ ಆಡಿ ಆಡಿ ಮನೇಲಿ ನನಗೆ ಮೂರು ಕಾಸಿನ ಬೆಲೆ ಇಲ್ದಂಗಾಗಿದೆ. ಈಗ ಈ ಸಂಸ್ಥೆಯವರನ್ನೂ ಎದುರು ಹಾಕ್ಕೊಂಡ್ರೆ ಹೊಟ್ಟೆಗೇನು ಅಕ್ಕ?"

"ಗೊತ್ತಿಲ್ಲಪ್ಪ. ನೀನು ಹೊರಡು. ಗಂಡನ ಪಾತ್ರ ನಾನೇ ಮಾಡ್ತೀನಿ."

"ಈ ಗಂಟಲಲ್ಲಾ? ಕಪ್ಪೆ ಪಾತ್ರಾನೂ ಆಗಲ್ಲ," ಎಂದು ಗೊಣಗುತ್ತ ಅವನು ಕಳಚಿದ ಅಂಗಿಯನ್ನೇ ಮತ್ತೆ ತೊಟ್ಟ.

ಅಧಿಕಾರಿಯನ್ನು ಹತ್ತಿಸಿಕೊಂಡು ವ್ಯಾನು ಹೊರಟುಹೋಯಿತು. ಟೀ ಅಂಗಡಿಯವನು ತನ್ನ ಬಲ್ಬನ್ನು ವೈರಿನ ಸಮೇತ ಬೀದಿಗೆಳೆದ. ಏಳುತ್ತಿದ್ದ ಜನ ಮತ್ತೆ ಕೂತರು, ನಾಟಕ ಶುರುವಾಯಿತು. ಪೇಂಟರ್ ಕೈ ಎತ್ತಿದ್ದೇ ತಡ, ಮುಂದೆ ಕೂತಿದ್ದ ಇಸ್ತ್ರಿಯವಳ ಗಂಡ ದಡಕ್ಕನೆ ಎದ್ದು, ಜನರನ್ನು ತಳ್ಳಿಕೊಂಡು ಹೊರಟೇ ಹೋದ.

ಅಕ್ಕನ ಕಣ್ಣು ಇಸ್ತ್ರಿಯವಳ ಕಡೆ ಹೋಯಿತು. ಇದರ ಸಿಟ್ಟನ್ನೂ ಅವಳ ಮೇಲೇ ತೀರಿಸಿದರೆ? ಹೆಂಗಸು ಅರ್ಧ ಎದ್ದಿದ್ದಳು. ಪಕ್ಕದ ಮನೆಯ ಮುದುಕಿ ಅವಳ ಕೈ ಹಿಡಿದು ಕೂರಿಸಿದಳು. "ನೋಡು. ಪೂರ್ತಿ ನೋಡ್ಕೊಂಡೇ ಹೋಗೋಣ."

ಮುಗಿದ ಮೇಲೆ ಟೀ ಅಂಗಡಿಯವನು ಅಂದ: "ಮುಂದಿನ ತಿಂಗಳೂ ಬನ್ನಿ ಅಕ್ಕ. ಲೈಟು, ಊಟ ನಮ್ದು." ಅಷ್ಟರಿಂದ ತಂಡ ನಡೆಯದೆಂದು ಅವಳಿಗೆ ಗೊತ್ತಿತ್ತು. ಆದರೂ ಬರುತ್ತೇನೆಂದಳು.

ಇಸ್ತ್ರಿಯವಳು ಮನೆಗೆ ಹೊರಟಾಗ ಮುದುಕಿ ಜೊತೆಗೆ ನಡೆದಳು. ಅವರ ಹಿಂದೆ ಬೀದಿಯ ಇನ್ನಷ್ಟು ಹೆಂಗಸರು. ಕೊನೆಗೆ ಅಕ್ಕನೂ ಕಾಲೆಳೆದುಕೊಂಡು ಹೋದಳು. ಬಾಗಿಲಿಗೆ ಅಡ್ಡ ನಿಂತಿದ್ದ ಗಂಡ ಅಷ್ಟೂ ಜನರನ್ನು ನೋಡಿದ. ಆಮೇಲೆ ಪಕ್ಕಕ್ಕೆ ಸರಿದ.