ಇನ್ನೊಂದು ಚೂರು ಎಡಕ್ಕೆ

"ಇನ್ನೊಂದು ಚೂರು ಎಡಕ್ಕೆ," ಎಂದ ಅವನು, ಕ್ಯಾಮೆರಾದಿಂದ ಕಣ್ಣು ತೆಗೆಯದೆ.

ಯಾರೂ ಸರಿಯಲಿಲ್ಲ. ಲೆನ್ಸಿನ ಮೇಲೆ ದಪ್ಪನೆಯ ಹನಿಯೊಂದು ಬಿದ್ದು ಹಳಿ, ಕಂಬ, ಸಿಗ್ನಲ್ಲು ಎಲ್ಲವೂ ಒಟ್ಟಿಗೆ ಊದಿಕೊಂಡವು. ಆಗ ನೆನಪಾಯಿತು. ಕೊಡೆ ಹಿಡಿಯುತ್ತಿದ್ದ ಅಪ್ಪ ಸತ್ತು ಇವತ್ತಿಗೆ ಹತ್ತೊಂಬತ್ತು ದಿನ.

ಯಾರಾದರೂ ಕೇಳಿಸಿಕೊಂಡರೇನೋ ಎಂದು ಸುತ್ತ ನೋಡಿದ. ಕೇಳಿಸಿಕೊಳ್ಳುವಂಥ ಮಳೆಯೇ ಅದು? ಮೀನುಗಳು ಕೂಡ ಸಾಕಪ್ಪಾ ಸಾಕು ಎಂದು ದಡ ಹತ್ತಿ ಮರದಡಿ ನಿಲ್ಲಬೇಕು, ಅಂಥ ಮಳೆ. ರೈಲ್ವೆ ಗೇಟಿನ ಕೋಣೆಯಲ್ಲಿ ಗೇಟಿನವನು ಸ್ಟೌವಿನ ಮುಂದೆ ಕಾಲ್ಚೀಲ ಒಣಗಿಸುತ್ತಿದ್ದ. ಅವನ ತಲೆಯ ಮೇಲಿನ ಗೂಟದಲ್ಲಿ ಅಪ್ಪನ ಕರೀ ಕೊಡೆ ನೇತಾಡುತ್ತಿತ್ತು. ತಂದದ್ದು ತಾನೇ. ಇಲ್ಲಿಗೆ ಬಂದ ಮೇಲೆಯೇ ಹೊಳೆದದ್ದು: ಒಬ್ಬನೇ ಮನುಷ್ಯ ಕ್ಯಾಮೆರಾ ಮತ್ತು ಕೊಡೆ ಎರಡನ್ನೂ ಹಿಡಿಯಲಾರ. ತರ್ಕಶಾಸ್ತ್ರದ ಉಪನ್ಯಾಸಕನಿಗೆ ಇಷ್ಟು ಹೊಳೆಯಲು ಎರಡು ಮೈಲಿ ನಡೆಯಬೇಕಾಯಿತು.

ಪಾಠ ಹೊಟ್ಟೆಪಾಡು. ಅವನ ನಿಜವಾದ ಕಸುಬು ಗೂಡ್ಸ್ ಗಾಡಿಗಳ ಎಂಜಿನ್ನಿನ ಫೋಟೋ ತೆಗೆಯುವುದು. ಪ್ರಯಾಣಿಕರ ಗಾಡಿ ಎಳೆಯುವ ಎಂಜಿನ್ನುಗಳೆಂದರೆ ಅವನಿಗೆ ಪೌಡರ್ ಬಳಿದುಕೊಂಡ ಗೊಂಬೆಗಳು. ಅವನಿಗೆ ಬೇಕಾದದ್ದು ಸಿಮೆಂಟು, ಕಲ್ಲಿದ್ದಲು, ಗೊಬ್ಬರ ಎಳೆದು ಎಳೆದು ಮೈ ಕೆಟ್ಟವು. ಅದೂ ಮಳೆಯಲ್ಲಿ. ಬಿಸಿಲಲ್ಲಿ ಯಾವ ಮುಠ್ಠಾಳನಾದರೂ ತೆಗೆದಾನು. ಅವನ ಬಳಿ ನಲವತ್ತು ಸಾವಿರ ಚಿತ್ರಗಳಿದ್ದವು. ಒಂದರ ಪಕ್ಕ ಒಂದಿಟ್ಟರೆ ಭೂಮಿಯ ಸೊಂಟಕ್ಕೊಂದು ಪಟ್ಟಿ ಕಟ್ಟಿ, ಉಳಿದದ್ದರಲ್ಲಿ ಚಂದ್ರನಿಗೆ ಮಫ್ಲರ್ ಹೊದಿಸಬಹುದಿತ್ತು. ಒಂದರಲ್ಲೂ ನರಪಿಳ್ಳೆಯಿಲ್ಲ. ಅದು ಅವನ ನಿಯಮ. ಎಂಜಿನ್ನಿನ ನಂಬರು ಓದುವಂತಿರಬೇಕು, ಮನುಷ್ಯ ಕಾಣಬಾರದು.

ಜೇಬಿನಲ್ಲಿ ಫೋನು ನಡುಗಿತು. ಅಕ್ಕ.

"ಸಿಕ್ತೇನೋ ಅಪ್ಪನ ಫೋಟೋ?"

"ಸಿಗುತ್ತೆ."

"ಏನದು ಸದ್ದು? ನಲ್ಲಿ ಬಿಟ್ಕೊಂಡು ಕೂತಿದೀಯಾ?"

"ಮಳೆ."

"ಇವತ್ತೂ ರೈಲಿನ ಹಿಂದೆ ಹೋದ್ಯಾ! ನಿನ್ನ ತಲೆಗಿಷ್ಟು! ಫ್ರೇಮ್ ಅಂಗಡಿಯವನು ಐದಕ್ಕೆ ಬಾಗಿಲು ಹಾಕ್ತಾನೆ. ನಾಳೆ ಜನ ಬರ್ತಾರೆ. ಗೋಡೆಗೆ ಮೊಳೆ ಹೊಡೆಸಿ ಆಗಿದೆ. ಬಂದೋರಿಗೆ ಬರೀ ಮೊಳೆ ತೋರಿಸಲೇನೋ?"

"ಬೇಕಾದಷ್ಟಿದೆ ಅಂದೆನಲ್ಲ."

"ನಲವತ್ತು ಸಾವಿರದಲ್ಲಿ ಒಂದು ಕೇಳ್ತಿದೀನಿ ಕಣೋ. ಒಂದು."

ಒಂದೂ ಇರಲಿಲ್ಲ. ಅಮ್ಮನ ಕಾಲದ ಆಲ್ಬಮ್ಮಿಗೆ ಗೋಡೆಯ ತೇವ ಹತ್ತಿ, ಮುಖಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದವು. ಗುರುತಿನ ಚೀಟಿಯ ಚಿತ್ರದಲ್ಲಿ ಸರಿಯಾಗಿ ಮೂಗಿನ ಮೇಲೆ ಮೊಹರು. ಅಂಚೆ ಕಚೇರಿಯಲ್ಲಿ ಮೂವತ್ತೈದು ವರ್ಷ ಊರಿನ ಸುಖದುಃಖಕ್ಕೆಲ್ಲ ಮೊಹರು ಗುದ್ದಿದ ಮನುಷ್ಯನ ಮುಖಕ್ಕೆ ಇನ್ಯಾರೋ ಗುದ್ದಿದ್ದರು. ಮೂರು ದಿನ ಕೂತು ಅವನು ತನ್ನ ಭಂಡಾರವನ್ನೆಲ್ಲ ಜಾಲಾಡಿದ. ಮಳೆಯ ಚಿತ್ರಗಳ ಎಡ ಮೂಲೆಯಲ್ಲಿ ಕೊಡೆಯ ಕರೀ ಅಂಚು ಇಣುಕುತ್ತಿದ್ದದ್ದು ನಿಜ. ಅದನ್ನೆಲ್ಲ ಅಂದೇ ಕತ್ತರಿಸಿ ಹಾಕಿದ್ದ. ಕತ್ತರಿಸಲಾಗದ್ದನ್ನು ಅಳಿಸಿದ್ದ. ಅವನಷ್ಟು ಶುದ್ಧ ಹಸ್ತ ಈ ಲೋಕದಲ್ಲಿ ಇನ್ನೊಬ್ಬನಿಗಿರಲಿಲ್ಲ.

ಒಮ್ಮೆ ಅಪ್ಪ, ಇದೇ ಬೇಲಿಯ ಹತ್ತಿರ, ಕೊಡೆಯನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತ ಕೇಳಿದ್ದ: "ನಂದೂ ಒಂದು ತೆಗೀತೀಯೇನೋ?"

"ಗಾಡಿ ಹೋಗ್ಲಿ ಇರಪ್ಪ."

ಗಾಡಿ ಹೋಯಿತು. ಐವತ್ತೆಂಟು ಡಬ್ಬಿ. ಅಷ್ಟರಲ್ಲಿ ಬೆಳಕೂ ಹೋಯಿತು. ಅವನು ಕ್ಯಾಮೆರಾ ಚೀಲಕ್ಕೆ ಹಾಕಿದ. ಅಪ್ಪ ಇನ್ನೊಮ್ಮೆ ಕೇಳಲಿಲ್ಲ.

ಗೇಟಿನವನು ಬಾಗಿಲಿಗೆ ಬಂದ. "ಯಜಮಾನ್ರು ಬರಲಿಲ್ವಾ ಸಾರ್?"

"ಇಲ್ಲ."

"ನೆಗಡೀನಾ?"

"ಹೂಂ. ಹಾಗೇ ಏನೋ."

"ಈ ವಯಸ್ಸಲ್ಲಿ ಬೇಗ ಬಿಡಲ್ಲ. ಬೆಚ್ಚಗಿರೋಕೆ ಹೇಳಿ."

"ಹೇಳ್ತೀನಿ," ಎಂದ. ತಿದ್ದಲಿಲ್ಲ. "ಇವತ್ತು ಮೀಸೆ ಡ್ರೈವರ್ ತಾನೇ?"

"ಅವನೇ. ಇದೇ ಕೊನೆ ಪಾಳಿ. ನಾಳೆಯಿಂದ ಬೇರೆ ಕಡೆ ಹಾಕಿದಾರೆ. ಗಾಡಿ ಇಲ್ಲಿ ಎರಡು ನಿಮಿಷ ನಿಲ್ಲುತ್ತೆ. ಏನಾದ್ರೂ ಹೇಳೋದಿತ್ತಾ?"

"ಒಂದು ಕೇಳೋದಿತ್ತು."

ಎರಡು ವರ್ಷದ ಹಿಂದೆ ಮೀಸೆ ಡ್ರೈವರ್ ಕಿಟಕಿಯಿಂದ ಮೊಬೈಲು ಹಿಡಿದು ಕೂಗಿದ್ದ: "ನೀವು ನನ್ನ ಗಾಡೀನ ತೆಗೀರಿ, ನಾನು ಅಪ್ಪ ಮಗನ್ನ ತೆಗೀತೀನಿ!" ಕ್ಲಿಕ್ಕೆನಿಸಿಯೂ ಇದ್ದ. ಅಪ್ಪ ಅದನ್ನು ನೆನೆದು ವಾರಗಟ್ಟಲೆ ನಕ್ಕ. ಡ್ರೈವರನ ಮೊಣಕೈ ಚೌಕಟ್ಟಿನೊಳಗೆ ಬಂತೆಂದು ಮಗ ವಾರಗಟ್ಟಲೆ ಮುಖ ಗಂಟಿಕ್ಕಿದ. ಈಗ ಈ ಭೂಮಂಡಲದಲ್ಲಿ ಅಪ್ಪನ ಮುಖ ಎಲ್ಲಾದರೂ ಉಳಿದಿದ್ದರೆ ಆ ಮೊಬೈಲಿನಲ್ಲಿ. ಡ್ರೈವರನನ್ನು ಕೇಳುವುದು, ಚಿತ್ರ ತೆಗೆದುಕೊಳ್ಳುವುದು, ಐದರೊಳಗೆ ಫ್ರೇಮ್ ಅಂಗಡಿ. ಅದಕ್ಕಾಗಿಯೇ ಬಂದದ್ದು. ಕ್ಯಾಮೆರಾ ತಂದದ್ದು ಬರೀ ಅಭ್ಯಾಸಬಲ.

ಮೂರೂಕಾಲಿಗೆ ತಿರುವಿನಲ್ಲಿ ದೀಪ ಕಂಡಿತು.

ದಿನದ ಎಂಜಿನ್ನಾಗಿರಲಿಲ್ಲ. ಚೌಕು ಮೂತಿ, ಬಣ್ಣ ಎದ್ದ ಮೈ, ಒಂದೇ ದೀಪ. ನಂಬರನ್ನು ಎರಡು ಸಲ ಓದಿದ. ಏಳು ಸಾವಿರದ ಅರವತ್ತೊಂದು. ಹನ್ನೊಂದು ವರ್ಷ ಅಪ್ಪನನ್ನು ನಿಲ್ಲಿಸಿಕೊಂಡು ಕಾದದ್ದು ಇದಕ್ಕೇ. ಗುಜರಿಗೆ ಹೋಯಿತೆಂದು ಸುದ್ದಿಯಾಗಿದ್ದ ಎಂಜಿನ್. ಒಳಗಿನಿಂದ ಬೆಂದವರಂತೆ ಮೈಯಿಂದ ಹಬೆ ಏಳುತ್ತಿತ್ತು. ಮಳೆಯ ಒಂದೊಂದು ಎಳೆಯೂ ದೀಪದೆದುರು ತಂತಿಯಾಗಿ ನಿಂತಿತ್ತು. ಇಂಥ ಬೆಳಕು ನೂರು ವರ್ಷಕ್ಕೊಮ್ಮೆ.

ಅದು ಬಂದು ನಿಂತಿತು. ಎರಡು ನಿಮಿಷ.

ಒಂದೇ ಒಂದು, ಎಂದುಕೊಂಡ. ಲೆನ್ಸನ್ನು ಅಂಗಿಯ ಒಳಗಿನಿಂದ ಒರೆಸಿದ, ಒತ್ತಿದ. ಹನಿ. ಮತ್ತೆ ಒರೆಸಿದ. ಹನಿ. ಕೆಸರಿನಲ್ಲಿ ಮೊಣಕಾಲೂರಿದ. ಅಷ್ಟರಲ್ಲಿ ಕಿಟಕಿಯಿಂದ ಯಾರೋ ಸೊಂಟದವರೆಗೆ ಹೊರಗೆ ಬಾಗಿ, ಬೆಳ್ಳಗೆ ಹೊಳೆಯುವ ಪ್ಲಾಸ್ಟಿಕ್ ಲಕೋಟೆಯೊಂದನ್ನು ಚಾಚಿ ಏನೋ ಕೂಗತೊಡಗಿದರು. ಚೌಕಟ್ಟು ಕೆಟ್ಟಿತು. ಹನ್ನೊಂದು ವರ್ಷ ಕಾದ ಚೌಕಟ್ಟು!

ಅವನು ಕ್ಯಾಮೆರಾದಿಂದ ಕಣ್ಣು ತೆಗೆಯದೆ ಎಡಗೈ ಎತ್ತಿ ಬೀಸಿದ. ಒಳಗೆ. ಒಳಗೆ ಹೋಗಿ.

ಲಕೋಟೆ ಚಾಚಿದ ಕೈ ಅಲ್ಲೇ ನಿಂತಿತು. ಅವನು ಇನ್ನೂ ಜೋರಾಗಿ ಬೀಸಿದ. ಲಕೋಟೆ ನಿಧಾನವಾಗಿ ಒಳಕ್ಕೆ ಸರಿಯಿತು. ಕಿಟಕಿ ಖಾಲಿಯಾಯಿತು. ಅವನು ಒತ್ತಿದ, ಒತ್ತಿದ, ಒತ್ತಿದ. ಸಿಗ್ನಲ್ಲು ಹಸಿರಾಯಿತು. ನೆಲ ಅದುರಿ, ಡಬ್ಬಿಗಳು ಒಂದೊಂದಾಗಿ ಎದುರಿನಿಂದ ಸರಿದವು. ಲೆಕ್ಕ ಹಾಕುವುದು ಅವನಿಗೆ ರೂಢಿ. ನಲವತ್ತನೆಯ ಡಬ್ಬಿಗೆ ತಾನು ಏನು ಮಾಡಿದೆನೆಂದು ತಿಳಿಯಿತು. ಐವತ್ತೆಂಟರವರೆಗೂ ಎಣಿಸಿದ.

ಗೇಟಿನವನು ಆಚೆ ಬದಿಯಲ್ಲಿ, ಎರಡೂ ಕೈಯಲ್ಲಿ ಗೇಟಿನ ಚಕ್ರ ತಿರುಗಿಸುತ್ತ ಕೂಗಿದ: "ಮೀಸೆ ಏನೋ ಕೊಡೋಕೆ ಕೈ ಚಾಚಿದ್ದ ಸಾರ್! ಯಜಮಾನ್ರಿಗೆ ಅಂತ ಪ್ರಿಂಟ್ ಹಾಕಿಸಿದೀನಿ ಅಂದಿದ್ದ ಮೊನ್ನೆ. ಒಳಗೆ ಹೋಗು ಅಂದ್ರಲ್ಲ, ಯಾಕೆ?"

ಫೋನು ನಡುಗಿತು. ನಡುಗಿ ನಡುಗಿ ಸುಮ್ಮನಾಯಿತು.

ಬೇರೇನೂ ತೋಚದೆ ಕ್ಯಾಮೆರಾದ ಪರದೆ ನೋಡಿದ. ಹದಿನಾಲ್ಕು ಚಿತ್ರ. ಒಂದರಲ್ಲೂ ಡ್ರೈವರ್ ಇರಲಿಲ್ಲ. ಹದಿಮೂರರಲ್ಲಿ ಹನಿ ಬಿದ್ದು ಎಂಜಿನ್ ಕರಗಿಹೋಗಿತ್ತು. ಹದಿನಾಲ್ಕನೆಯದು ನಿರ್ಮಲ. ಒಂದು ಹನಿಯಿಲ್ಲ. ಏಳು ಸಾವಿರದ ಅರವತ್ತೊಂದು, ಕೆತ್ತಿದ ಹಾಗೆ. ಅವನ ಜನ್ಮದಲ್ಲೇ ಇಂಥದ್ದು ಬಂದಿರಲಿಲ್ಲ.

ಎಡ ಮೂಲೆಯಲ್ಲಿ ಮಾತ್ರ ಕಪ್ಪಗೆ, ಬಿಲ್ಲಿನಂತೆ ಬಾಗಿದ ಒಂದು ಅಂಚು ಇಣುಕಿತ್ತು.

ಕೋಣೆಯ ಕಡೆ ನೋಡಿದ. ತೆರೆದ ಬಾಗಿಲಿನೊಳಗೆ ಗೂಟದಲ್ಲಿ ಕೊಡೆ ನೇತಾಡುತ್ತಿತ್ತು, ಮುಚ್ಚಿಕೊಂಡು.

ಅವನ ಹೆಬ್ಬೆರಳು, ತಾನು ಕಲಿತ ವಿದ್ಯೆಯಂತೆ, ಗುಂಡಿಯ ಮೇಲೆ ಹೋಗಿ ಕೂತಿತು. ಅಳಿಸಬೇಕೆ, ಎಂದು ಪರದೆ ಕೇಳಿತು. ಅವನು ತಲೆಯೆತ್ತಲಿಲ್ಲ. ಹಳಿಯ ಮೇಲೆ, ಬೇಲಿಯ ಮೇಲೆ, ಅವನ ಸುತ್ತ ಒಂದೊಂದು ಕಲ್ಲಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಹೆಬ್ಬೆರಳಿನ ಮೇಲೆ ಬೀಳುತ್ತಿರಲಿಲ್ಲ.