ಕಲ್ಲಕ್ಕನ ಕಪಾಟಿನ ತುಂಡು

ಕಲ್ಲಕ್ಕನ ತಮ್ಮ ತಂದ ಕಾಗದ ಕಲ್ಲು ಕೊಯ್ಯುವ ಗರಗಸದ ಪಕ್ಕದ ಮೇಜಿನ ಮೇಲೆ ಬಿದ್ದಿತ್ತು. ಗರಗಸದ ನೀರು ಸಿಡಿದು ಒಂದು ಮೂಲೆ ಆಗಲೇ ನೆನೆದಿತ್ತು. ನೆನೆಯಲಿ ಬಿಡಿ, ಅಂಥ ಕಾಗದಕ್ಕೆ ಅಷ್ಟು ಮರ್ಯಾದೆಯೇ ಹೆಚ್ಚು. 'ಮಾದರಿ ಕಲ್ಲು ನನ್ನ ಕೋಣೆಯಲ್ಲಿ, ನನ್ನ ಅಜಾಗರೂಕತೆಯಿಂದ ಅದಲುಬದಲಾಯಿತು' ಎಂದು ಟೈಪು ಮಾಡಿಸಿ, ಕೆಳಗೆ ಅಕ್ಕನ ಸಹಿಗೆ ಗೆರೆಯನ್ನೂ ಎಳೆಸಿಕೊಂಡು ಬಂದಿದ್ದ ಮಹಾರಾಯ.

"ಒಂದು ಸಹಿ ಹಾಕಕ್ಕ. ನೀನು ರಿಟೈರ್ ಆಗೋಕೆ ಇನ್ನು ಹನ್ನೆರಡು ದಿನ. ನಿನ್ನ ಯಾರೇನು ಮಾಡ್ತಾರೆ? ನಂದಾದ್ರೆ ಹೆಸರೇ ಹೋಗುತ್ತೆ."

"ನಂಗೆ ಹೆಸರಿಲ್ವೇನೋ?"

ತಮ್ಮ ನಕ್ಕುಬಿಟ್ಟ. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಿದ್ದ. ನಾಳೆ ವಿಚಾರಣೆಗೆ ಬರುವಾಗ ಸಹಿ ಹಾಕಿ ತಾ ಎಂದು ಹೇಳಿ ಮೆಟ್ಟಿಲು ಹತ್ತಿ ಹೋದ.

ಕಾಲೇಜಿನ ಭೂವಿಜ್ಞಾನ ವಿಭಾಗದ ಈ ನೆಲಮಾಳಿಗೆಯಲ್ಲಿ ಮೂವತ್ತೊಂದು ವರ್ಷದಿಂದ ಕಲ್ಲು ಕೊಯ್ಯುವ ಅವಳನ್ನು ಎಲ್ಲರೂ ಕರೆಯುವುದೇ ಕಲ್ಲಕ್ಕ ಎಂದು. ಬಂದ ಕಲ್ಲನ್ನು ಕೊಯ್ದು, ಗಾಜಿನ ಪಟ್ಟಿಗೆ ಅಂಟಿಸಿ, ಬೆಳಕು ಆಚೆ ಹಾಯುವಷ್ಟು ತೆಳ್ಳಗಾಗುವವರೆಗೆ ಉಜ್ಜುವುದು ಅವಳ ಕೆಲಸ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಹೆಸರಿಡುವವರು ಮೇಲಿನ ಮಹಡಿಯ ಅಧ್ಯಾಪಕರು, ಈಗ ಅವರಲ್ಲಿ ತಮ್ಮನೂ ಒಬ್ಬ. ಅವಳದೇ ರಿಜಿಸ್ಟರಿನಲ್ಲಿ 'ಕಲ್ಲಿನ ಹೆಸರು' ಎಂಬ ಕಾಲಮ್ಮನ್ನು ಅವಳು ಮುಟ್ಟುವ ಹಾಗಿರಲಿಲ್ಲ. ಈ ಮೂವತ್ತೊಂದು ವರ್ಷದಲ್ಲಿ ಒಂದೇ ಒಂದು ಚೀಟಿ ಅದಲುಬದಲಾಗಿಲ್ಲ ಎನ್ನುವುದೊಂದೇ ಅವಳ ಆಸ್ತಿ.

ಹಾಗಂತ ಅವಳಿಗೆ ಕಲ್ಲು ಗೊತ್ತಾಗುತ್ತಿರಲಿಲ್ಲವೇ? ಅಂಗೈಗೇ ಗೊತ್ತಾಗುತ್ತಿತ್ತು. ಅವಳ ಸಂಬಳದಲ್ಲೇ ತಮ್ಮ ಓದಿದ್ದು, ಅವನ ಪಾಠ ಒಪ್ಪಿಸಿಕೊಂಡವಳೂ ಅವಳೇ. ಕರಗಿದ ಕಲ್ಲು ನೆಲದಾಳದಲ್ಲಿ ಸಾವಿರಾರು ವರ್ಷ ನಿಧಾನವಾಗಿ ಆರಿದರೆ ಹರಳು ದಪ್ಪದಪ್ಪ, ಗ್ರಾನೈಟಿನ ಹಾಗೆ. ಮೇಲಕ್ಕೆ ಉಕ್ಕಿ ಬೇಗ ಆರಿದರೆ ಹರಳಿಗೆ ಬೆಳೆಯಲು ಪುರುಸೊತ್ತಿಲ್ಲ, ಬಸಾಲ್ಟಿನ ಹಾಗೆ ನುಣುಪು. ಇನ್ನೂ ಅವಸರವಾದರೆ ಬರೀ ಗಾಜು. ಸಿಲಿಕಾ ಹೆಚ್ಚಿದ್ದರೆ ಸಾಮಾನ್ಯವಾಗಿ ಬಿಳಿಚು, ಕಬ್ಬಿಣ ಹೆಚ್ಚಿದ್ದರೆ ಕಪ್ಪು ಮತ್ತು ಭಾರ. ಹೇಗೆ ಆರಿತು, ಒಳಗೇನಿದೆ, ಈ ಎರಡು ತಿಳಿದರೆ ಜಾತಿ ತಿಳಿದ ಹಾಗೆ. ಎಷ್ಟು ಸಲ ಹೇಳಿಸಿದ್ದಳೋ ಅವನ ಬಾಯಲ್ಲಿ!

ಎರಡು ವರ್ಷದ ಹಿಂದೆ ಅವನು ಊರಾಚೆಯ ಗುಡ್ಡದಿಂದ ಒಂದು ಕಪ್ಪು ಕಲ್ಲು ತಂದ. ಮೇಲೆಲ್ಲ ಹಗ್ಗ ಹೊಸೆದಂಥ ಸುರುಳಿ, ಒಳಗೆ ಗುಳ್ಳೆ. ಒಡೆದು ಅರ್ಧವನ್ನು ತನ್ನ ಗಾಜಿನ ಬೀರುವಿನಲ್ಲಿಟ್ಟು, ಇನ್ನರ್ಧವನ್ನು ಅವಳಿಗೆ ಕೊಟ್ಟ. ಕೊಯ್ದ ಮಾರನೇ ದಿನ ನೋಡಿದರೆ ಕೊಯ್ದ ಮೈಮೇಲೆ ಅಲ್ಲಲ್ಲಿ ತುಕ್ಕಿನ ಚುಕ್ಕೆ. ಅದನ್ನು ತಮ್ಮನಿಗೆ ತೋರಿಸಿದಳು.

"ಇದು ಕಲ್ಲಲ್ಲ ಕಣೋ. ಕಬ್ಬಿಣ ಕರಗಿಸುವಾಗ ಮೇಲೆ ತೇಲುತ್ತಲ್ಲ, ಆ ಕಿಟ್ಟ. ಅಪ್ಪನ ಭಟ್ಟಿ ಮರೆತುಬಿಟ್ಯಾ?"

"ಲಾವಾದಲ್ಲಿ ಕಬ್ಬಿಣದ ಹನಿ ಸಿಗೋದೇ ಅಪರೂಪ. ಅದಕ್ಕೇ ಇದು ದೊಡ್ಡ ವಿಷಯ," ಎಂದ ತಮ್ಮ. "ನೀನು ಉಜ್ಜು ಸಾಕು, ನೋಡೋದು ನಮಗೆ ಬಿಡು."

ಬಿಟ್ಟಳು. ಅವನು ಲೇಖನ ಬರೆದ, ಪತ್ರಿಕೆಗಳಲ್ಲಿ ಫೋಟೋ ಬಂತು, ನಮ್ಮ ಗುಡ್ಡದಲ್ಲೂ ಜ್ವಾಲಾಮುಖಿ ಉರಿದಿತ್ತು ಎಂದು ಎಲ್ಲರೂ ಬೀಗಿದರು. ಕಳೆದ ತಿಂಗಳು ದೂರದ ಯಾರೋ ವಿದ್ವಾಂಸರು ಅವಳು ಕೊಯ್ದುಕೊಟ್ಟ ಚೂರನ್ನು ತರಿಸಿಕೊಂಡು ಪರೀಕ್ಷಿಸಿ, ಇದು ಕಾರ್ಖಾನೆಯ ಕಿಟ್ಟ ಎಂದು ಎರಡೇ ಸಾಲು ಬರೆದರು. ತಮ್ಮನಿಗೆ ತಕ್ಷಣ ನೆಲಮಾಳಿಗೆಯ ನೆನಪಾಯಿತು. ತಾನು ಕೊಟ್ಟ ಕಲ್ಲೇ ಬೇರೆ, ಅಲ್ಲಿ ಬದಲಾಯಿತು ಎಂದು ಸಲೀಸಾಗಿ ಅಕ್ಕನ ತಲೆಗೆ ಕಟ್ಟಿದ.

ಒಂದು ಸಂಗತಿ ಅವನಿಗೆ ಗೊತ್ತಿರಲಿಲ್ಲ. ನೆಲಮಾಳಿಗೆಗೆ ಇಳಿದು ಬಂದು ವಿಚಾರಿಸಿದ್ದರಲ್ಲವೇ ಗೊತ್ತಾಗುವುದು? ಕೊಯ್ದು ಉಳಿದ ಪ್ರತಿಯೊಂದು ತುಂಡನ್ನೂ ಕಲ್ಲಕ್ಕ ನಂಬರು ಬರೆದು ಕಪಾಟಿನಲ್ಲಿ ಇಡುತ್ತಿದ್ದಳು.

ಮಾರನೇ ದಿನ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಅವಳು ಕಾಗದ ಒಯ್ಯಲಿಲ್ಲ, ತುಂಡು ಒಯ್ದಳು. "ಮೇಡಂ, ಸಾರ್ ಬೀರುವಿನಲ್ಲಿರೋ ಅರ್ಧ ತರಿಸಿ," ಎಂದಳು. ತಮ್ಮನನ್ನು ಅವಳು ಸಾರ್ ಎಂದದ್ದು ಅದೇ ಮೊದಲು. ಅವನ ಕೈಯಲ್ಲೇ ಬಿಳಿ ಬಣ್ಣದಲ್ಲಿ ನಂಬರು ಬರೆಸಿಕೊಂಡಿದ್ದ ಆ ಅರ್ಧ ಬಂತು. ಒಡೆದ ಮುಖಕ್ಕೆ ಒಡೆದ ಮುಖ ಹಿಡಿದಳು. ಗುಳ್ಳೆಗೆ ಗುಳ್ಳೆ, ಸುರುಳಿಗೆ ಸುರುಳಿ, ನಡುವೆ ಉಗುರು ತೂರದಷ್ಟು ಸರಿಯಾಗಿ ಕೂಡಿಕೊಂಡಿತು.

"ನಿಮ್ಮ ತಪ್ಪೇನೂ ಇಲ್ಲ ಕಲ್ಲಕ್ಕ," ಎಂದರು ಮುಖ್ಯಸ್ಥೆ. ಅಷ್ಟು ಸಾಕಿತ್ತು ಅವಳಿಗೆ. ಎದ್ದಿದ್ದಳು ಕೂಡ. ಆಗ ಮುಖ್ಯಸ್ಥೆ ತಮ್ಮನ ಕಡೆ ತಿರುಗಿದರು. "ಅಲ್ರೀ, ಕಿಟ್ಟ ಅಂತ ನಿಮಗೆ ಅನುಮಾನಾನೂ ಬರಲಿಲ್ವಾ?"

"ಹೇಗೆ ಬರಬೇಕು ಮೇಡಂ? ಹುಟ್ಟಿದಾಗಿಂದ ಕಿಟ್ಟ ಕಂಡೋನೇ ಅಲ್ಲ. ನಮ್ಮಪ್ಪ ಗುಮಾಸ್ತರಾಗಿದ್ರು. ಭಟ್ಟಿ ಅಂದ್ರೇನು ಅಂತ ನಮ್ಮನೇಲಿ ಯಾರಿಗೂ ಗೊತ್ತಿಲ್ಲ."

ಹೇಳಿ ಅಕ್ಕನ ಮುಖ ನೋಡಿದ. ಚಿಕ್ಕಂದಿನಲ್ಲಿ ಏಟು ತಪ್ಪಿಸು ಎಂದು ನೋಡುತ್ತಿದ್ದನಲ್ಲ, ಅದೇ ನೋಟ.

"ಹೌದಾ ಕಲ್ಲಕ್ಕ?" ಮುಖ್ಯಸ್ಥೆ ಕೇಳಿದರು.

ಹೂಂ ಅಂದುಬಿಡಬಹುದಿತ್ತು. ಅವಳ ಹೆಸರು ಉಳಿದಿತ್ತು, ಅವನದೂ ಅಷ್ಟಿಷ್ಟು ಉಳಿಯುತ್ತಿತ್ತು. ಆದರೆ ಅವಳ ಕಣ್ಣ ಮುಂದೆ ಅಪ್ಪ ಬಂದ. ಹುಬ್ಬೆಲ್ಲ ಸುಟ್ಟುಕೊಂಡ ಅಪ್ಪ, ಕೆಮ್ಮಿ ಕೆಮ್ಮಿ ಸತ್ತ ಅಪ್ಪ. ಏಳು ವರ್ಷದ ಮಗ ಕಿಟ್ಟದ ರಾಶಿಯ ಮೇಲೆ ಓಡಿ ಹಿಮ್ಮಡಿ ಸೀಳಿಕೊಂಡಾಗ ತನ್ನ ಅಂಗಿಯನ್ನೇ ಹರಿದು ಕಟ್ಟಿದ್ದ ಅಪ್ಪ. ಅವಳ ಮೈಯೆಲ್ಲ ಉರಿದುಹೋಯಿತು.

"ಎಡಗಾಲಿನ ಶೂ ಬಿಚ್ಚೋ," ಎಂದಳು.

ತಮ್ಮ ಬಗ್ಗಲಿಲ್ಲ. ಕಿವಿ ಕೆಂಪಗಾಯಿತು.

"ಬಿಚ್ಚಲ್ವಾ? ಹಾಗಾದ್ರೆ ನಾನೇ ಹೇಳ್ತೀನಿ ಮೇಡಂ. ನಮ್ಮಪ್ಪ ಕಬ್ಬಿಣದ ಕಾರ್ಖಾನೆಯ ಭಟ್ಟೀಲಿ ಕಾದ ಕಿಟ್ಟ ಸುರಿಯೋ ಕೆಲಸದೋನು. ನಾವಿಬ್ರೂ ಆಡಿ ಬೆಳೆದದ್ದೇ ಕಿಟ್ಟದ ಮೇಲೆ. ಇವನ ಹಿಮ್ಮಡೀಲಿ ಇನ್ನೂ ಗುರುತಿದೆ."

ಹೊರಗೆ ಮೆಟ್ಟಿಲ ಹತ್ತಿರ ತಮ್ಮ ಅವಳನ್ನು ಅಡ್ಡಗಟ್ಟಿದ. "ಇವತ್ತಿಗೆ ನಂಗೆ ಅಕ್ಕ ಸತ್ತಳು."

"ಅಪ್ಪನೇ ಬೇಡವಾದೋನಿಗೆ ಅಕ್ಕ ಯಾಕೋ ಬೇಕು?" ಎಂದಳು. ಎತ್ತಿ ಆಡಿಸಿದ ಮಗು ಅದು, ಸಂಕಟವಾಗದೆ ಇರುತ್ತದೆಯೇ?

ಕೆಳಗೆ ಬಂದು ರಿಜಿಸ್ಟರು ತೆಗೆದಳು. ಆ ನಂಬರಿನ ಮುಂದೆ ತಮ್ಮನ ಅಕ್ಷರದಲ್ಲಿ 'ಅಪರೂಪದ ಬಸಾಲ್ಟು' ಎಂದಿತ್ತು. ಅದನ್ನು ಹೊಡೆದುಹಾಕಿ, ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಆ ಕಾಲಮ್ಮಿನಲ್ಲಿ ತಾನೇ ಬರೆದಳು: ಕಿಟ್ಟ. ಪಕ್ಕದ 'ಸಿಕ್ಕ ಜಾಗ' ಕಾಲಮ್ಮಿನಲ್ಲಿ ಗುಡ್ಡದ ಹೆಸರಿತ್ತು. ಅಪ್ಪ ದುಡಿದ ಕಾರ್ಖಾನೆ ಮುಚ್ಚಿದ ವರ್ಷ ಕಿಟ್ಟದ ರಾಶಿಯನ್ನೆಲ್ಲ ಲಾರಿಗಳಲ್ಲಿ ಅಲ್ಲಿಗೇ ಸಾಗಿಸಿದ್ದರು, ಅವಳು ನೋಡುತ್ತ ನಿಂತಿದ್ದಳು. ಗುಡ್ಡದ ಹೆಸರನ್ನು ಹಾಗೇ ಬಿಟ್ಟು ಅದರ ಕೆಳಗೆ ಇನ್ನೊಂದು ಸಾಲು ಸೇರಿಸಿದಳು.

ಸುರಿದವರು: ನಮ್ಮಪ್ಪ.